ಕತ್ತಲಾಗದ ಕಣ

ಯಂತ್ರಕ್ಕೆ ಹನ್ನೊಂದು ಸೆಕೆಂಡು ಸಾಕಾಯಿತು. ಹೊಸ ಮೇಡಂ ಗಾಜಿನ ಪಟ್ಟಿಯನ್ನು ಅದರ ಬಾಯೊಳಗೆ ತಳ್ಳಿ, ಪರದೆಯ ಮೇಲೆ ಒಂದು ಮರಳಿನ ಕಣ ಆರಿಸಿ, ಕಿರಣ ಬಿಟ್ಟರು. ಗೆರೆಯೊಂದು ಏರಿ ಇಳಿದು ನಿಂತಿತು. ಕೆಳಗೆ ಖನಿಜದ ಹೆಸರು ಬಂತು: ಬ್ರೂಕೈಟ್. ಅವರು ಇನ್ನೊಂದು ಕಣ ಆರಿಸಿದರು. ಬ್ರೂಕೈಟ್. ಮೂರನೆಯದು ರೂಟೈಲ್, ನಾಲ್ಕನೆಯದು ಮತ್ತೆ ಬ್ರೂಕೈಟ್. ಅವನು ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತಿದ್ದ. ಐವತ್ತೆಂಟರ ಮನುಷ್ಯ, ಮೂವತ್ತನಾಲ್ಕು ವರ್ಷ ಇದೇ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಬೆನ್ನು ಬಗ್ಗಿಸಿ ಕಲ್ಲಿನ ಕಣ ಎಣಿಸಿದವನು, ಈಗ ಕುತ್ತಿಗೆಯ ಹಿಂದೆ ಇಳಿಯುತ್ತಿದ್ದ ಬೆವರು ಮೇಡಂ ಕಣ್ಣಿಗೆ ಬೀಳದಿರಲಿ ಎಂದು ಜೇಬಿನಲ್ಲಿ ಕರವಸ್ತ್ರ ತಡಕುತ್ತಿದ್ದ. ಗಾಜಿನ ಪಟ್ಟಿಯ ಅಂಚಿಗೆ ಅಂಟಿಸಿದ ಕಾಗದದ ಚೂರಿನಲ್ಲಿ, ಹಿಂದೆ ಇದೇ ಕೋಣೆಯಲ್ಲಿ ಕೆಲಸಕ್ಕಿದ್ದ ಅವಳ ಅಕ್ಷರವಿತ್ತು, ಇಪ್ಪತ್ತೆರಡು ವರ್ಷಕ್ಕೆ ಶಾಯಿ ಕಂದಿದ್ದರೂ ಓದುವಂತಿತ್ತು. ಹಳೆಯ ಪುಸ್ತಕದಲ್ಲಿ ಈ ಪಟ್ಟಿಗೆ ಎರಡು ಎಣಿಕೆಗಳಿವೆ, ಮೊದಲನೆಯದರಲ್ಲಿ ಬ್ರೂಕೈಟ್ ಇದೆ, ಎರಡನೆಯದರಲ್ಲಿ ಸೊನ್ನೆ, ಎರಡನೆಯದು ನಿಮ್ಮದಲ್ಲವೇ ಎಂದು ಮೇಡಂ ಕೇಳಿದರು. ಅವನು ಹೌದೆಂದ. ಅವರು ಒಳ್ಳೆಯ ಹೆಂಗಸು. ಆಗಿನ ಕಾಲದ ಸಾಮಾನು ಅಷ್ಟೇ ಅಲ್ಲವೇ, ‘ಉಪಕರಣದ ಮಿತಿ’ ಎಂದು ಒಂದು ಸಾಲು ಬರೆದು ನಾಳೆ ಬೆಳಿಗ್ಗೆ ಸಹಿ ಮಾಡಿಕೊಡಿ, ಮುಗಿಯಿತು ಎಂದರು. ಆಮೇಲೆ, ಮೊದಲ ಎಣಿಕೆ ಮಾಡಿದವರಿಗೆ ಒಂದು ಕಾಗದ ಹಾಕೋಣ, ಪಾಪ, ಅವರು ಈಗ ಎಲ್ಲಿದ್ದಾರೆ ಗೊತ್ತೇ ಎಂದು ವಿಚಾರಿಸಿದರು. ಗೊತ್ತಿಲ್ಲ ಎಂದ. ಬಸ್‌ ನಿಲ್ದಾಣ ದಾಟಿ ಮೂರನೆಯ ಅಂಗಡಿ, ಕನ್ನಡಕದ್ದು, ಗಾಜಿನ ಬಾಗಿಲು, ಮಧ್ಯಾಹ್ನ ಒಂದರಿಂದ ಮೂರರವರೆಗೆ ಮುಚ್ಚಿರುತ್ತದೆ. ಇಷ್ಟೆಲ್ಲ ಗೊತ್ತಿದ್ದವನ ಬಾಯಿಂದ ಎಷ್ಟು ಸಲೀಸಾಗಿ ಬಂತಲ್ಲ ಆ ಮಾತು!

ತನ್ನ ಮೇಜಿಗೆ ಬಂದು ಕೂತ. ಈಗ ಕೋಣೆಯಲ್ಲಿ ಅವನದೊಂದೇ ಸೂಕ್ಷ್ಮದರ್ಶಕ. ಆಗ ಎರಡಿದ್ದವು, ಎರಡು ಎತ್ತರದ ಸ್ಟೂಲು, ಬೆನ್ನಿಗೆ ಬೆನ್ನು. ನಿಯಮವೇ ಹಾಗಿತ್ತು. ಮರಳುಗಲ್ಲನ್ನು ಕುಟ್ಟಿ, ಜರಡಿ ಹಿಡಿದು, ಭಾರದ ದ್ರವದಲ್ಲಿ ಹಾಕಿದರೆ ಬಿಳಿಯ ಮರಳೆಲ್ಲ ತೇಲುತ್ತದೆ. ತಳಕ್ಕಿಳಿದ ಚಿಟಿಕೆಯಷ್ಟು ಭಾರದ ಕಣಗಳನ್ನು ಗಾಜಿನ ಮೇಲೆ ಅಂಟಿನಲ್ಲಿ ಕೂರಿಸಿ ಒಂದು ಪಟ್ಟಿಗೆ ಮುನ್ನೂರು ಕಣ ಎಣಿಸಬೇಕು. ಒಬ್ಬರು ಎಣಿಸಿದ ಮೇಲೆ ಇನ್ನೊಬ್ಬರು. ಇಬ್ಬರ ಲೆಕ್ಕವೂ ಸಾಹೇಬರ ಕೈ ಸೇರುವವರೆಗೆ ಆ ಪಟ್ಟಿಯ ಬಗ್ಗೆ ಒಂದು ಮಾತೂ ಆಡಕೂಡದು. ಹೀಗೆ ಆರು ವರ್ಷ ಅವಳು ಅವನ ಬೆನ್ನ ಹಿಂದೆ ಕೂತಿದ್ದಳು. ಮುಖ ನೋಡಿದ್ದಕ್ಕಿಂತ ಸದ್ದು ಕೇಳಿದ್ದೇ ಹೆಚ್ಚು. ಸೂಕ್ಷ್ಮದರ್ಶಕದಲ್ಲಿ ಪಟ್ಟಿ ಇಟ್ಟ ಪೀಠ ತಿರುಗಿಸುವಾಗಿನ ಸಣ್ಣ ಕಿರುಗುಟ್ಟುವಿಕೆ, ಎಣಿಕೆಯ ಗುಂಡಿ ಒತ್ತಿದ ಟಿಕ್, ಕಷ್ಟದ ಕಣ ಬಂದಾಗ ಉಸಿರು ಹಿಡಿದು ಕೂತ ಮೌನ, ಗುರುತು ಸಿಕ್ಕಮೇಲೆ ಮೂಗಿನಲ್ಲೇ ಬಿಡುತ್ತಿದ್ದ ಒಂದು ‘ಹ್ಞೂಂ’. ಆ ‘ಹ್ಞೂಂ’ ಕೇಳಲಿಕ್ಕೆಂದೇ ಅವನು ಎಷ್ಟೋ ಸಲ ತನ್ನ ಎಣಿಕೆ ನಿಲ್ಲಿಸಿ ಕಾದಿದ್ದ. ಕಚೇರಿಯವರೆಲ್ಲ ಅವನಿಗೆ ಮುನ್ನೂರಪ್ಪ ಎಂದು ಹೆಸರಿಟ್ಟಿದ್ದರು. ಮುನ್ನೂರೆಂದರೆ ಮುನ್ನೂರೇ, ಇನ್ನೂರ ತೊಂಬತ್ತೊಂಬತ್ತಕ್ಕೆ ಪ್ರಳಯವಾದರೂ ಏಳುವವನಲ್ಲ ಎಂದು. ಅವಳು ಎದುರಿಗೆ ಹಾಗೆ ಕರೆದವಳಲ್ಲ, ಬೆನ್ನ ಹಿಂದೆ ಕರೆದು ನಗುತ್ತಿದ್ದಳು, ಮತ್ತು ಬೆನ್ನ ಹಿಂದೆ ಎಂದರೆ ಒಂದೂವರೆ ಅಡಿ ದೂರದಲ್ಲಿ. ತನ್ನ ಎಣಿಕೆಗೂ ಅವನದಕ್ಕೂ ಒಂದೆರಡು ಕಣದ ವ್ಯತ್ಯಾಸ ಬಂದರೆ ತಾನೇ ಸೋತು, ‘ನೀವು ಎಣಿಸಿದ್ದು ಅಂದ್ರೆ ಮುಗೀತು’ ಎನ್ನುತ್ತಿದ್ದಳು. ಆ ಮಾತನ್ನು ಅವನು ಇಷ್ಟು ವರ್ಷ ಇಟ್ಟುಕೊಂಡು ಬಂದಿದ್ದ. ಲೋಕದಲ್ಲಿ ಒಬ್ಬಳಾದರೂ ತನ್ನನ್ನು ಪ್ರಾಮಾಣಿಕ ಎಂದು ತಿಳಿದು ಇದೇ ಊರಿನಲ್ಲಿ ಓಡಾಡಿಕೊಂಡಿದ್ದಾಳೆ ಎಂಬುದು ಬಿಟ್ಟರೆ ಅವನ ಹತ್ತಿರ ಅವಳದ್ದೆನ್ನುವುದು ಬೇರೇನೂ ಇರಲಿಲ್ಲ. ಈಗ ಹೋಗಿ ನಿಜ ಹೇಳಿದರೆ ಅದೂ ಹೋಗುತ್ತದೆ. ಹೇಳದಿದ್ದರೆ ‘ಉಪಕರಣದ ಮಿತಿ’.

ರೂಟೈಲ್, ಅನಟೇಸ್, ಬ್ರೂಕೈಟ್. ಟೈಟಾನಿಯಂ ಎಂಬ ಒಂದೇ ತಾಯಿಯ ಮೂರು ಮಕ್ಕಳು, ರಕ್ತ ಒಂದೇ, ಮೈಕಟ್ಟು ಬೇರೆ. ರೂಟೈಲ್ ಕೆಂಪಗೆ, ನದಿಯಲ್ಲಿ ಉರುಳುರುಳಿ ಅಂಚು ಸವೆಸಿಕೊಂಡು ಬಂದದ್ದು. ಅನಟೇಸ್ ಅನೇಕ ಸಲ ಆ ಕಲ್ಲಿನೊಳಗೇ ಹುಟ್ಟಿ ಬೆಳೆದ ಪುಟ್ಟ ಚೌಕ, ಅಂಚು ಇನ್ನೂ ಹೊಸದು. ಬ್ರೂಕೈಟನ್ನು ಹಿಡಿಯುವುದು ಮಾತ್ರ ತಿರುಗಿಸಿ ನೋಡಿಯೇ. ಬೆಳಕನ್ನು ಒಂದೇ ದಿಕ್ಕಿಗೆ ಸೋಸುವ ಧ್ರುವಕ ಗಾಜುಗಳನ್ನು ಅಡ್ಡಡ್ಡ ಇಟ್ಟು ಪೀಠ ತಿರುಗಿಸಿದರೆ ಬೇರೆ ಹರಳುಗಳು ಒಂದು ಸುತ್ತಿಗೆ ನಾಲ್ಕು ಸಲ ಪೂರ್ತಿ ಕಪ್ಪಾಗುತ್ತವೆ. ಇದು ಆಗುವುದಿಲ್ಲ. ನೀಲಿಯಿಂದ ಕಂದಿಗೆ, ಕಂದಿನಿಂದ ನೀಲಿಗೆ ಜಾರುತ್ತ, ಎಷ್ಟು ತಿರುಗಿಸಿದರೂ ಒಂದಿಷ್ಟು ಬೆಳಕು ಉಳಿಸಿಕೊಂಡೇ ಇರುತ್ತದೆ, ಯಾಕೆಂದರೆ ಬಿಳಿಯ ಬೆಳಕಿನ ಒಂದೊಂದು ಬಣ್ಣವೂ ಅದರೊಳಗೆ ಒಂದೊಂದು ಕಡೆ ಆರುತ್ತದೆ. ಆದರೆ ಕೆಳಗೆ ಹಳದಿ ಫಿಲ್ಟರು ಸಿಕ್ಕಿಸಿ ಒಂದೇ ಬಣ್ಣವನ್ನು ಒಳಗೆ ಬಿಟ್ಟರೆ ಅದೂ ಎಲ್ಲರ ಹಾಗೆ ಕಪ್ಪಾಗಿಬಿಡುತ್ತದೆ. ಕಣ ಮುಳುಗಿಸಿ ನೋಡುವ ಎಣ್ಣೆಗಳ ವಕ್ರೀಭವನ ಅಳೆಯುವಾಗ ಆ ಫಿಲ್ಟರು ಬೇಕು, ಕಣ ಎಣಿಸುವಾಗ ತೆಗೆಯಬೇಕು. ಮೊದಲ ವಾರ ಸೇರಿದವರಿಗೆ ಹೇಳಿಕೊಡುವ ಮಾತು ಇದು, ಅದನ್ನು ಹೇಳಿಕೊಡುತ್ತಿದ್ದವನೂ ಅವನೇ. ಇಪ್ಪತ್ತೆರಡು ವರ್ಷದ ಹಿಂದಿನ ಆ ಸೋಮವಾರ ಬೆಳಗಿನಿಂದ ಎಣ್ಣೆ ಅಳೆದು ಅಳೆದು ಅವನ ಕಣ್ಣಿಗೆ ಲೋಕವೇ ಹಳದಿಯಾಗಿ, ಹಳದಿ ಎನ್ನುವುದೇ ಮರೆತುಹೋಗಿತ್ತು. ಅವಳು ಪಟ್ಟಿಯನ್ನು ತಂದು ಮೇಜಿನ ಮೇಲಿಟ್ಟು, ಇದರಲ್ಲಿ ಬರೀ ಟೈಟಾನಿಯಂ ಕಣಗಳನ್ನು ನೋಡಿದರೆ ಸಾಕಂತೆ, ಸಾಹೇಬರು ಕಾಯುತ್ತಿದ್ದಾರೆ ಎಂದಳು. ಹೇಳಿ ಹೋಗದೆ ಅಲ್ಲೇ ನಿಂತಳು. ನಿಯಮದ ಪ್ರಕಾರ ಬಾಯಿ ಮುಚ್ಚಿಕೊಂಡಿದ್ದಳು, ಆದರೆ ಹಿಗ್ಗು ಹಿಡಿಸಲಾರದೆ ಕಾಲಿನ ಮೇಲೆ ಕಾಲು ಬದಲಾಯಿಸುತ್ತಿದ್ದಳು. ಅವಳು ಅಷ್ಟು ಹತ್ತಿರ ನಿಂತಾಗ ಅವನಿಗೆ ಪೀಠದ ಕೆಳಗೆ ಏನಿದೆ ಎಂದು ನೋಡಲು ಹೊಳೆಯಲಿಲ್ಲ. ತಿರುಗಿಸಿದ. ಎಲ್ಲ ಕಣವೂ ಕಪ್ಪಾಯಿತು. ರೂಟೈಲ್ ಇಷ್ಟು, ಅನಟೇಸ್ ಇಷ್ಟು, ಬ್ರೂಕೈಟ್ ಸೊನ್ನೆ ಎಂದು ಬರೆದು ಮಡಚಿ ಕೊಟ್ಟ.

ಅಲ್ಲಿಗೆ ಅದು ತಪ್ಪು, ಅಷ್ಟೇ. ತಪ್ಪು ಎಲ್ಲರೂ ಮಾಡುತ್ತಾರೆ. ಅವನು ಈ ವಾದವನ್ನು ತನ್ನ ಎದುರು ತಾನೇ ಎಷ್ಟು ಸಲ ಮಂಡಿಸಿದ್ದನೆಂದರೆ, ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡುವಷ್ಟು. ವಾದ ನಿಲ್ಲುವುದು ಗುರುವಾರಕ್ಕೆ ಬಂದಾಗ. ಗುರುವಾರ ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ದೂಳು ಒರೆಸಲು ಫಿಲ್ಟರನ್ನು ಹೊರಗೆಳೆದ. ಹೊರಗೆಳೆದ ಮೇಲೆ, ಸೋಮವಾರವೂ ಇದು ಇಲ್ಲೇ ಇತ್ತು ಎಂಬುದು ತಲೆಗೆ ಹೋಗಲು ಒಂದು ನಿಮಿಷ ಬೇಕಾಯಿತು. ಬೀರುವಿನಿಂದ ಆ ಪಟ್ಟಿ ತೆಗೆದು ಮತ್ತೆ ಇಟ್ಟ, ತಿರುಗಿಸಿದ. ಚಪ್ಪಟೆಯ, ಜೇನುಬಣ್ಣದ ಒಂದು ಕಣ, ಮೈಮೇಲೆ ಉದ್ದುದ್ದ ಗೀರು. ನೀಲಿ, ಕಂದು, ಮತ್ತೆ ನೀಲಿ. ಕತ್ತಲಾಗಲೊಲ್ಲದು. ಅವನಿಗೆ ಅದು ಎಷ್ಟು ಚೆಂದ ಕಂಡಿತೆಂದರೆ, ಕೂಗಿ ಕರೆಯಲು ಬೆನ್ನ ಹಿಂದೆ ತಿರುಗಿಯೂಬಿಟ್ಟ. ಖಾಲಿ ಸ್ಟೂಲು. ಆ ತಿರುಗಿದ ಕ್ಷಣದಲ್ಲೇ ಇನ್ನೊಂದು ನೆನಪಾಯಿತು. ಆ ಮರಳು ಎಲ್ಲಿಂದ ಬಂತು ಎನ್ನುವುದಕ್ಕೆ ಸಾಹೇಬರು ಒಂದು ನಕ್ಷೆ ಅಚ್ಚು ಹಾಕಿಸಿದ್ದರು, ನದಿ ಉತ್ತರದ ಬೆಟ್ಟದಿಂದ ಇಳಿದದ್ದೆಂದು. ಉತ್ತರದ ಬೆಟ್ಟದಲ್ಲಿ ಬ್ರೂಕೈಟ್ ಇಲ್ಲ. ಇವಳ ಎಣಿಕೆ ಸರಿಯೆಂದು ನಿಂತರೆ ನದಿಯೇ ದಿಕ್ಕು ಬದಲಿಸಬೇಕು, ಮತ್ತು ಇವಳನ್ನು ದೊಡ್ಡ ಕಚೇರಿಯವರು ಕೈಹಿಡಿದು ಕರೆದುಕೊಂಡು ಹೋಗುತ್ತಾರೆ. ಹಾಗೆಂದು ಆಗಲೇ ಮಾತಾಗಿತ್ತು. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯ ದೂರ. ಅವನು ಪಟ್ಟಿಯನ್ನು ಬೀರುವಿನಲ್ಲಿ ಇದ್ದಲ್ಲೇ ಇಟ್ಟ. ಒಂದು ವಾರ ಬಿಟ್ಟು ಹೇಳಿದರಾಯಿತು ಅಂದುಕೊಂಡ. ಸಾಹೇಬರ ಸಿಟ್ಟು ಇಳಿಯಲಿ, ತನ್ನ ಧೈರ್ಯ ಕೂಡಲಿ. ನಿಜವೆಂದರೆ ಇನ್ನೊಂದು ವಾರ ಆ ‘ಹ್ಞೂಂ’ ಕೇಳಿಸಿಕೊಳ್ಳಬೇಕೆಂಬ ಆಸೆ. ಥೂ ನಿನ್ನ, ಎಂದು ಈಗ ಐವತ್ತೆಂಟರವನು ಮೂವತ್ತಾರರವನಿಗೆ ಬೈದ. ಬೈದರೂ ಒಳಗೊಳಗೇ ಆ ಮೂವತ್ತಾರರವನ ಮೇಲೆ ಅವನಿಗೆ ಹೊಟ್ಟೆಕಿಚ್ಚಿತ್ತು. ಅವನ ಬೆನ್ನ ಹಿಂದೆ ಯಾರೋ ಕೂತಿದ್ದಳಲ್ಲ.

ವಾರ ಕಳೆಯುವುದರೊಳಗೆ ಸಾಹೇಬರು ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಗುರುತಿಸುವಲ್ಲಿ ದೋಷ’ ಎಂದು ಕೆಂಪು ಶಾಯಿಯಲ್ಲಿ ಬರೆದರು. ಅಷ್ಟಕ್ಕೆ ಬಿಡಲಿಲ್ಲ. ಹೊಸದಾಗಿ ಸೇರುವವರಿಗೆ ಕೊಡುವ ಪರೀಕ್ಷೆಯ ಪೆಟ್ಟಿಗೆಯೊಂದಿತ್ತು, ಗೊತ್ತಿರುವ ಖನಿಜಗಳ ಇಪ್ಪತ್ತು ಪಟ್ಟಿಗಳದ್ದು. ಆರು ವರ್ಷ ಕೆಲಸ ಮಾಡಿದವಳನ್ನು ತರಬೇತಿಯವರ ನಡುವೆ ಕೂರಿಸಿ ಅದನ್ನು ಕೊಡಿಸಿದರು, ಮತ್ತು ಪೆಟ್ಟಿಗೆ ತಂದುಕೊಟ್ಟವನು ಅವನೇ. ಅವಳು ಕೈ ಚಾಚಿದಳು. ಅವನ ಮುಖ ನೋಡಿ, ಏನೂ ಪರವಾಗಿಲ್ಲ ಎಂಬಂತೆ ಸಣ್ಣಗೆ ನಕ್ಕಳು. ಅವನಿಗೇ ಸಮಾಧಾನ ಹೇಳುವ ನಗು ಅದು. ಇಪ್ಪತ್ತರಲ್ಲಿ ಎರಡು ತಪ್ಪಾಯಿತು. ಎಳೆ ಮಕ್ಕಳೂ ತಪ್ಪದ ಎರಡು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನು ಬಾಗಿಲ ಹತ್ತಿರ ನಿಂತು ಗೋಡೆಯ ಕ್ಯಾಲೆಂಡರನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವನಂತೆ ಓದುತ್ತಿದ್ದ. ಆಮೇಲೆ ಬೆನ್ನ ಹಿಂದೆ ಸದ್ದುಗಳು ಬದಲಾದವು. ಒಂದೇ ಕಣಕ್ಕೆ ಪೀಠ ನಾಲ್ಕು ಸುತ್ತು, ಐದು ಸುತ್ತು. ಎಣಿಕೆಯ ಗುಂಡಿ ಒತ್ತಿ, ತಡೆದು, ಮತ್ತೆ ಮೊದಲಿನಿಂದ. ‘ಹ್ಞೂಂ’ ನಿಂತೇ ಹೋಯಿತು. ಹತ್ತು ತಿಂಗಳಿಗೆ ರಾಜೀನಾಮೆ ಬರೆದಳು. ಮೇಜಿನ ಮೇಲೆ ಮದುವೆಯ ಕಾಗದವಿತ್ತು, ಕನ್ನಡಕದ ಅಂಗಡಿಯವನ ಜೊತೆ. ಇದರ ಸುಳಿವು ಅವನಿಗೆ ಮೊದಲೇ ಸಿಕ್ಕಿತ್ತು. ಆ ಪರೀಕ್ಷೆಯಾದ ತಿಂಗಳಲ್ಲೇ ಮೂರು ಸಂಜೆ ಅವಳು ಕಚೇರಿಯಿಂದ ನೆಟ್ಟಗೆ ಆ ಅಂಗಡಿಗೆ ಹೋದದ್ದನ್ನು ಬಸ್‌ ನಿಲ್ದಾಣದಿಂದ ಕಂಡಿದ್ದ. ಕಂಡು ಎಷ್ಟು ಕುದಿದನೋ ಅಷ್ಟೇ ಹಗುರವೂ ಆಗಿದ್ದ. ಓಹೋ, ವಿಷಯ ಇದು, ಕೆಲಸ ಬಿಟ್ಟದ್ದು ಪ್ರೀತಿಗೆ, ನನ್ನಿಂದಲ್ಲ. ಮೋಸ ಹೋದವನು ನಾನೇ ಅಂದುಕೊಂಡರೆ ನಿದ್ದೆ ಬರುತ್ತಿತ್ತು.

ಇವತ್ತು ಬೆಳಿಗ್ಗೆ ಮನೆಯಿಂದ ಹೊರಡುವಾಗ ಅಕ್ಕ ಎಂದಿನಂತೆ ರೇಗಿಸಿದ್ದಳು. ಅವನು ಪತ್ರಿಕೆಯನ್ನು ಮಾರು ದೂರ ಹಿಡಿದು ಓದುವುದನ್ನು ನೋಡಿ, ಕಲ್ಲಿನಲ್ಲಿ ಕೂದಲೆಳೆ ಹುಡುಕುವವನಿಗೆ ಅಕ್ಕಿಯಲ್ಲಿನ ಕಲ್ಲು ಕಾಣುವುದಿಲ್ಲ, ಆ ಕನ್ನಡಕದಂಗಡಿಗೆ ಹೋಗಲು ನಿನಗೇನು ದಾಡಿ ಎಂದಳು. ಅಕ್ಕನಿಗೆ ಗೊತ್ತಿತ್ತು, ಅರ್ಧ. ಬಾಯಿ ಬಿಟ್ಟು ಹೇಳದೆ ಕೂತು ಒಳ್ಳೆಯ ಹುಡುಗಿಯನ್ನು ಕಳೆದುಕೊಂಡ ಪೆದ್ದ ತಮ್ಮ ಎಂಬಷ್ಟು. ಅವನು ತಿದ್ದಿರಲಿಲ್ಲ. ಪೆದ್ದನಾಗಿರುವುದು ಸುಖವಾಗಿತ್ತು.

ನಾಲ್ಕೂವರೆಗೆ ಎದ್ದ. ನಿಂತ ಕಾಲಲ್ಲೇ ಹೊರಟ. ಬಸ್‌ ನಿಲ್ದಾಣ ದಾಟುವಾಗ, ಬಾಗಿಲು ಹಾಕಿದ್ದರೆ ವಾಪಸು ಹೋಗಿಬಿಡುವುದು ಎಂದು ನಿಶ್ಚಯಿಸಿದ. ತೆರೆದಿತ್ತು. ಒಳಗೆ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರದ ಸದ್ದು, ಅದು ಗಂಡನದ್ದಿರಬೇಕು. ಮುಂದೆ ಅವಳೊಬ್ಬಳೇ, ತಲೆ ಮುಕ್ಕಾಲು ಬೆಳ್ಳಗಾಗಿತ್ತು. ನೋಡಿದವಳೇ ‘ಅಯ್ಯೋ, ನೀವಾ’ ಎಂದು ಎದ್ದು ನಿಂತಳು. ಆ ಮುಖದಲ್ಲಿ ಸಂತೋಷವಲ್ಲದೆ ಬೇರೇನೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಇದೇ ಬೀದಿಯಲ್ಲಿ ಓಡಾಡಿ ಒಮ್ಮೆಯೂ ಒಳಗೆ ಬರಲಿಲ್ಲವಲ್ಲ, ಮುನ್ನೂರಪ್ಪನವರ ಕಣ್ಣಿಗೂ ವಯಸ್ಸಾಯಿತೇ ಎಂದು ನಕ್ಕಳು. ಈಗ ಎದುರಿಗೇ ಕರೆದಳು. ಅವನು ಕುರ್ಚಿಯಲ್ಲಿ ಕೂತು ಗದ್ದವನ್ನು ಕಣ್ಣು ನೋಡುವ ಉಪಕರಣದ ಲೋಹದ ತೊಟ್ಟಿಲಿನಲ್ಲಿಟ್ಟ. ಅವಳು ಅತ್ತ ಕಡೆಯಿಂದ ಕಣ್ಣಿಟ್ಟಳು. ನಡುವೆ ಒಂದು ಗೇಣು, ಮತ್ತು ಒಂದು ಉಪಕರಣ. ಇಷ್ಟು ಹತ್ತಿರ ಅವಳ ಮುಖ ಅವನು ಕಂಡಿದ್ದೇ ಇಲ್ಲ. ಈಗಲೂ ಕಾಣಲಿಲ್ಲ, ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಉಸಿರು ಮಾತ್ರ ಕೇಳುತ್ತಿತ್ತು, ಕಷ್ಟದ ಕಣ ಬಂದಾಗಿನ ಹಾಗೆ ಹಿಡಿದ ಉಸಿರು. ಹೀಗೇ ಕೂತಿರೋಣ ಎನ್ನಿಸಿತು. ಕನ್ನಡಕ ತೆಗೆದುಕೊಂಡು, ನಾಲ್ಕು ಹಳೆಯ ಮಾತಾಡಿ, ಆರು ತಿಂಗಳಿಗೊಮ್ಮೆ ಕಣ್ಣು ತೋರಿಸಲು ಬರುತ್ತಿದ್ದರೆ ಯಾರಿಗೇನು ನಷ್ಟ. ಯಾಕೆ ಬರಬಾರದು.

‘ಆ ಪಟ್ಟಿಯಲ್ಲಿ ಬ್ರೂಕೈಟ್ ಇತ್ತು,’ ಎಂದ. ‘ಇವತ್ತು ಯಂತ್ರದಲ್ಲಿ ಇಟ್ಟು ನೋಡಿದ್ವಿ. ನೀವು ಹೇಳಿದ್ದೇ ಸರಿ.’

ಯಾವ ಪಟ್ಟಿ ಎಂದು ಅವಳು ಕೇಳಲಿಲ್ಲ. ಬೆಳಕು ಆರಿಸಿದಳು. ಉಪಕರಣದ ಮೇಲಿಟ್ಟ ಕೈ ಹಾಗೇ ಇತ್ತು. ‘ನಿಜವಾಗ್ಲೂ ಇತ್ತಾ?’ ಎಂದಳು, ಮತ್ತೆ, ‘ಇತ್ತಾ?’ ಎಂದಳು. ಅವನು ತಲೆಯಾಡಿಸಿದ. ಅವಳ ಕಣ್ಣು ತುಂಬಿ ಬಂತು, ಆದರೆ ಬಾಯಿ ನಗುತ್ತಿತ್ತು, ಮತ್ತು ಆ ನಗುವಿನಲ್ಲೇ ಅವನ ಕಡೆ ತಿರುಗಿ, ‘ಪಾಪ, ನೀವು ತಾನೇ ಏನ್ ಮಾಡ್ತೀರಿ. ನಿಮಗೆ ಕಾಣಿಸ್ಲಿಲ್ಲ, ಅಷ್ಟೇ ತಾನೆ,’ ಎಂದಳು.

ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಅವಳೇ ಬಾಗಿಲು ತೆರೆದು ಹೋಗಿ ಎಂದಂತಿತ್ತು.

‘ಕಾಣಿಸಿತ್ತು,’ ಎಂದ. ‘ಸೋಮವಾರ ಕಾಣಿಸಿರಲಿಲ್ಲ, ಹಳದಿ ಫಿಲ್ಟರು ಒಳಗೇ ಉಳಿದಿತ್ತು. ಗುರುವಾರ ಅದನ್ನ ತೆಗೆದು ನೋಡಿದೆ. ಕಾಣಿಸಿತು. ನಿಮಗೆ ಆ ಪೆಟ್ಟಿಗೆ ತಂದುಕೊಟ್ಟಾಗ ನನಗೆ ಗೊತ್ತಿತ್ತು.’

ಹಿಂದಿನ ಕೋಣೆಯ ಯಂತ್ರ ಉಜ್ಜುತ್ತಲೇ ಇತ್ತು. ಅವಳು ಬೈಯುತ್ತಾಳೆಂದು ಕಾದ; ಬೈದರೆ ಸಾಕಾಗಿತ್ತು. ಅವಳು ಗಿರಾಕಿಗಳು ಕೂರುವ ಬೆಂಚಿನ ಮೇಲೆ ಮೆಲ್ಲಗೆ ಕೂತು ತನ್ನ ಅಂಗೈಗಳನ್ನು ನೋಡಿಕೊಂಡಳು.

‘ನಾನು ಈ ಅಂಗಡಿಗೆ ಮೊದಲು ಬಂದದ್ದು ಯಾಕೆ ಗೊತ್ತಾ ನಿಮಗೆ? ಕಣ್ಣು ತೋರಿಸೋಕೆ. ಮೂರು ಸಲ ಬಂದೆ. ಏನೂ ದೋಷ ಇಲ್ಲ ಅಂತ ಇವರು ಮೂರು ಸಲಾನೂ ಹೇಳಿದ್ರು. ನಾನು ನಂಬಲಿಲ್ಲ. ನೀವು ಎಣಿಸಿದ್ದಲ್ವಾ, ತಪ್ಪಿರೋಕೆ ಸಾಧ್ಯಾನೇ ಇಲ್ಲ ಅಂತ. ಕಣ್ಣು ಸರಿಯಿದ್ರೆ ತಲೇಲೇ ಏನೋ ಆಗಿರಬೇಕು ಅಂದ್ಕೊಂಡೆ. ಇಲ್ಲದ್ದನ್ನ ಕಾಣೋ ಕಾಯಿಲೆ ಅಂದ್ಕೊಂಡೆ. ಈಗಲೂ ಯಾರಿಗಾದ್ರೂ ನಂಬರು ಬರೆದುಕೊಟ್ರೆ ಎರಡನೇ ಸಲ ಇವರ ಹತ್ರ ನೋಡಿಸ್ತೀನಿ.’ ಅಂಗೈ ಮುಚ್ಚಿದಳು. ‘ಯಾಕೆ ಹೇಳ್ಲಿಲ್ಲ?’

ಅವನು ಇಷ್ಟು ವರ್ಷದಲ್ಲಿ ಈ ಪ್ರಶ್ನೆಗೆ ಸಿದ್ಧಪಡಿಸಿದ ಉತ್ತರಗಳು ಬೇಕಾದಷ್ಟಿದ್ದವು, ಸಾಹೇಬರ ಭಯ, ನಕ್ಷೆ, ಕಾಲ. ಅವನ್ನೆಲ್ಲ ಬದಿಗಿಟ್ಟ. ‘ಹೇಳಿದ್ರೆ ನೀವು ಹೋಗಿಬಿಡ್ತಿದ್ರಿ,’ ಎಂದ.

ಅವಳು ತಲೆಯೆತ್ತಿ ನೋಡಿದಳು. ಅವನು ಅವಳ ಬಾಯಿಂದ ಕೇಳಲೆಂದು ಆಸೆಪಟ್ಟದ್ದನ್ನೆಲ್ಲ, ಹೇಳದೆ ನುಂಗಿದ್ದನ್ನೆಲ್ಲ ಆ ಒಂದು ಮಾತಿನಲ್ಲಿ ಅವಳು ಕಂಡುಕೊಂಡಳೆಂದು ಅವನಿಗೆ ತಿಳಿಯಿತು. ತಿಳಿದು ಏನೂ ಪ್ರಯೋಜನವಾಗಲಿಲ್ಲ.

‘ಹೋದೆನಲ್ಲ,’ ಎಂದಳು.

ಆಮೇಲೆ ಎದ್ದು ಕಣ್ಣೊರೆಸಿಕೊಂಡು ಉಳಿದ ಪರೀಕ್ಷೆ ಮುಗಿಸಿದಳು. ಬಲಗಣ್ಣಿಗೆ ಪೊರೆ ಬರುತ್ತಿದೆ, ತಡಮಾಡದೆ ಡಾಕ್ಟರಿಗೆ ತೋರಿಸಿ ಎಂದಳು. ಎರಡು ಕಣ್ಣಿನ ನಂಬರು ಚೀಟಿಯಲ್ಲಿ ಬರೆದಳು. ಬರೆದದ್ದನ್ನು ಹಿಡಿದು ಅಭ್ಯಾಸದಂತೆ ಹಿಂದಿನ ಕೋಣೆಯ ಕಡೆ ಎರಡು ಹೆಜ್ಜೆ ಹೋದವಳು ನಿಂತಳು, ತಿರುಗಿ ಬಂದು ಚೀಟಿಗೆ ತಾನೇ ಸಹಿ ಹಾಕಿದಳು. ಪುಸ್ತಕದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯಿರಿ, ಫಿಲ್ಟರನ್ನೂ, ಗುರುವಾರವನ್ನೂ ಎಂದಳು. ಬರೆಯುತ್ತೇನೆಂದ. ‘ಕನ್ನಡಕ ನಾಲ್ಕು ದಿನಕ್ಕೆ ಸಿಗುತ್ತೆ,’ ಎಂದಳು. ‘ನೀವು ಬರಬೇಡಿ. ಬೇರೆ ಯಾರನ್ನಾದ್ರೂ ಕಳಿಸಿ.’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಆಗಲಿ ಎಂದು ಎದ್ದ. ಬಾಗಿಲಿನವರೆಗೆ ನಾಲ್ಕೇ ಹೆಜ್ಜೆ, ಬಹಳ ದೂರವೆನ್ನಿಸಿತು. ಹಿಂದೆ ಗಾಜು ಉಜ್ಜುವ ಯಂತ್ರ ನಿಂತ ಸದ್ದಾಯಿತು, ಅವಳ ಗಂಡ ಒರೆಸುವ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ, ಯಾರದು ಎಂದು ಕೇಳಿದ.

‘ರೀ, ಇತ್ತಂತೆ,’ ಎಂದಳು ಅವಳು. ಬಾಗಿಲಲ್ಲಿದ್ದ ಅವನು ಆರು ವರ್ಷ ಬೆನ್ನ ಹಿಂದೆ ಕೇಳಿದ ದನಿ ಅದು, ಕಷ್ಟದ ಕಣ ಗುರುತಿಸಿದಾಗಿನದು. ‘ಆ ಕಣ ಅಲ್ಲಿ ಇತ್ತಂತೆ ರೀ.’

‘ಇರಲೇಬೇಕಲ್ಲ,’ ಎಂದ ಗಂಡ. ‘ನಿನ್ನ ಕಣ್ಣು ಸರಿಯಾಗಿದೆ ಅಂತ ನಾನು ಮೊದಲ ದಿನಾನೇ ಹೇಳಿರಲಿಲ್ವಾ?’

ಅವನು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಮೆಟ್ಟಿಲಿಳಿದ.